ಹಲಗೂರಿನ ದಾರಿಯಲ್ಲಿ ಒಂಟಿ ಸಿದ್ದಪ್ಪಾಜಿ

ಮಂಟೇಸ್ವಾಮಿ ಕಾವ್ಯದ ಬಗ್ಗೆ ಬಂದ ವಿಮರ್ಶೆಯಲ್ಲಿ ಸಿದ್ದಪ್ಪಾಜಿಯನ್ನು ‘ಸಾಂಸ್ಕೃತಿಕ ವೀರ’ ಅಂತ ಕರೆದು ಮುಂದಕ್ಕೆ ಹೋಗುವುದು ವಾಡಿಕೆ. ಹಲಗೂರಿನಲ್ಲಿ ವಿಷ ಕುಡಿದು ದಕ್ಕಿಸಿಕೊಂಡದ್ದು, ಪಾಂಚಾಳರು ಸೋತು ಕಬ್ಬಿಣ ಕೊಟ್ಟದ್ದು ಎಲ್ಲ ಗೆಲುವಿನ ಲೆಕ್ಕಕ್ಕೇ ಜಮಾ. ಈ ಓದು ಸಾಲದು ಅಂತ ನನಗೆ ಹೊಳೆದದ್ದು ಪುಸ್ತಕ ಹಿಡಿದಾಗಲ್ಲ, ತಿ. ನರಸೀಪುರದ ಕಡೆಯ ಒಂದು ಕೇರಿಯಲ್ಲಿ ರಾತ್ರಿಯಿಡೀ ನೀಲಗಾರರ ಕತೆ ಕೇಳುವಾಗ.

ಆಗ ನಾನೂ ಒಂಟಿಯಾಗಿದ್ದೆ. 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಆ ಬೇಸಗೆಯಲ್ಲಿ ಒಂದೇ ತಟ್ಟೆಯಲ್ಲಿ ಉಂಡು ಊರೂರು ತಿರುಗಿದ ನಾವು ನಾಲ್ವರು ಎರಡು ವರ್ಷದೊಳಗೆ ದಿಕ್ಕಾಪಾಲು. ಒಬ್ಬ ಪಕ್ಷ ಸೇರಿದ. ಒಬ್ಬ ಕುಡಿದು ಕುಡಿದೇ ಸತ್ತ. ಇನ್ನೊಬ್ಬ ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದ. ನಾನೇನು ಸಾಚಾ ಅಲ್ಲ ಬಿಡಿ, ಅವನ ಮೇಲೆ ಕರಪತ್ರ ಬರೆದವನು ನಾನೇ.

ಸಿದ್ದಪ್ಪಾಜಿ ಮೊದಲು ನಿಡುಘಟ್ಟದ ಕೆಂಪಾಚಾರಿ, ಪಾಂಚಾಳರ ಮಗ. ಕಲ್ಯಾಣದ ಬಾಗಿಲಲ್ಲಿ ನಾರುವ ರೂಪದಲ್ಲಿ ನಿಂತಿದ್ದ ಗುರುವಿನ ಹಿಂದೆ ಹೊರಟು ತಾಯಿ ಮುದ್ದಮ್ಮನನ್ನೂ ಕುಲವನ್ನೂ ಕಳಕೊಂಡವನು. ಅಂಥವನನ್ನು ಗುರು ಕಳಿಸುವುದು ಎಲ್ಲಿಗೆ? ಅವನ ಕುಲದವರೇ ಇರುವ ಹಲಗೂರಿಗೆ. ಒಬ್ಬನೇ, ಅದೂ ಬೇಡುವುದಕ್ಕೆ. ಕಬ್ಬಿಣ ಇಟ್ಟುಕೊಂಡೇ ಅವರು ‘ಇಲ್ಲ’ ಅನ್ನುತ್ತಾರೆ. ವಿಷಕ್ಕಿಂತ ಕಹಿಯಾದದ್ದು ಈ ‘ಇಲ್ಲ’ ಅಂತ ನನ್ನ ಎಣಿಕೆ.

ನನ್ನ ಮಗ ಓದುತ್ತಿದ್ದ ಕಾಮಿಕ್ಸಿನ ಬ್ಯಾಟ್‌ಮನ್ನೂ ಹೀಗೇ. 1988ರ ಕತೆಯಲ್ಲಿ ಸಂಗಾತಿ ರಾಬಿನ್ ಸತ್ತ ಮೇಲೆ ಅವನು ಮೂರ್ಖ ಸಿಟ್ಟಿನಲ್ಲಿ ಒಂಟಿಯಾಗಿ ಹೊಡೆದಾಡುತ್ತಾನೆ. ಅವನನ್ನು ಉಳಿಸುವುದು ತಾನಾಗಿ ಹುಡುಕಿಕೊಂಡು ಬಂದ ಇನ್ನೊಬ್ಬ ಹುಡುಗ. ಆದರೆ ಅವನಿಗೆ ಗವಿ ಉಂಟು, ಗವಿ ತುಂಬ ದುಡ್ಡುಂಟು. ನಮ್ಮವನಿಗೆ ಜೋಳಿಗೆ ಮಾತ್ರ.

ಅವತ್ತು ವಿಷದ ಸಾಲು ಬಂದಾಗ ಮುಖ್ಯ ಗಾಯಕನ ದನಿ ಇಳಿಯಿತು, ತಂಬೂರಿ ಒಂದೇ ಮಿಡಿಯುತ್ತಿತ್ತು. ತಟ್ಟನೆ ಹಿಮ್ಮೇಳದವರು ಸಿದ್ದಯ್ಯನ ಹೆಸರು ಹಿಡಿದು ಬಾ ಅಂತ ಕೂಗಿದರು. ಕೇರಿಯ ಹೆಂಗಸರೂ ದನಿಗೂಡಿಸಿದರು. ಬೆಳಗ್ಗೆ ಆ ಹಿರಿಯ ನೀಲಗಾರರನ್ನು ಕೇಳಿದೆ: “ಅಯ್ಯ, ಗುರು ಅವನ್ನ ಒಬ್ಬನ್ನೇ ಯಾಕೆ ಕಳಿಸ್ತಾನೆ?”

“ಒಬ್ನೇ ಎಲ್ಲೋದ ಕೂಸು? ನಾವಿಷ್ಟು ಜನ ಕರೀತಿರ್‍ನಿಲ್ವಾ?”

ಅಚ್ಚಾದ ಕಾವ್ಯದಲ್ಲಿ ಈ ಕೂಗು ಕೇಳಿಸುವುದಿಲ್ಲ. ಅದಕ್ಕೇ ನಮ್ಮ ವಿಮರ್ಶೆಗೆ ಒಂಟಿ ವೀರ ಸಿಕ್ಕಿದ, ಅವನ ಹಿಂದಿನ ಕೇರಿ ಸಿಗಲಿಲ್ಲ. ಹಾಗಂತ ಎಲ್ಲವನ್ನೂ ಒಪ್ಪಲಾರೆ. ಅವನ ಸಿಟ್ಟಿಗೆ ಹಲಗೂರು ಹಾಳಾಗುತ್ತದೆ; ತನ್ನವರನ್ನೇ ನೆಲಕ್ಕೆ ಕೆಡವಿ ಪಡೆದ ಭಿಕ್ಷೆ ಎಂಥ ಚೇತರಿಕೆ? ಈ ಪ್ರಶ್ನೆಯನ್ನು ನೀಲಗಾರರಿಗೆ ಹಾಕುವ ಧೈರ್ಯ ನನಗೆ ಬರಲಿಲ್ಲ.

ಆ ವಾರವೇ ನಂಜನಗೂಡಿಗೆ ಹೋದೆ. ರಸ್ತೆ ದಾಟುವವನು ಬಸ್‌ಸ್ಟ್ಯಾಂಡಿನ ಪಕ್ಕ ಟೀ ಕುಡಿಯುತ್ತಿದ್ದ. ಹೆಸರು ಹಿಡಿದು ಕೂಗಿದೆ. ತಿರುಗಿ ನೋಡಿದ, ಲೋಟ ಕೆಳಗಿಡಲಿಲ್ಲ.