ಹಂಗಾಮು ಮುಗಿದ ಮೇಲಿನ ಜಿಗಿತ

ಬೀಳಗಿ ತಾಲ್ಲೂಕಿನ ಬಾಡಗಂಡಿ ಸುತ್ತ ಸಕ್ಕರೆ ಕಾರ್ಖಾನೆಯ ನೌಕರಿ ಬಿಡುವುದಕ್ಕೂ ಒಂದು ಹಂಗಾಮಿದೆ. ಕಬ್ಬು ನುರಿಸುವುದು ನಿಂತು ಮಿಲ್ ಬಿಚ್ಚಿ ಓವರ್‌ಹಾಲಿಂಗ್‌ಗೆ ಹಚ್ಚಿದರೆಂದರೆ ಫೋನುಗಳು ಶುರು: ಎಲ್ಲಿ ಶಿಫ್ಟ್ ಕೆಮಿಸ್ಟ್ ಬೇಕಾಗಿದ್ದಾರೆ, ಎಲ್ಲಿ ಪ್ಯಾನ್‌ಮನ್ ಜಾಗ ಖಾಲಿಯಿದೆ. ಮುಂದಿನ ಬಾಯ್ಲರ್ ಪ್ರದೀಪನಕ್ಕೆ ಹಳೆಯ ಮುಖಗಳು ಹೊಸ ಗೇಟಿನಲ್ಲಿ ಹಾಜರಿ. “ಇಲ್ಲಿ ಕೇಳಿದ್ರ ಕೊಡಂಗಿಲ್ಲ, ಅಲ್ಲಿ ಹೋದ್ರ ಕರದು ಕೊಡ್ತಾರ” ಎನ್ನುವುದು ಈ ಭಾಗದ ಬಡ್ತಿಶಾಸ್ತ್ರ. ಇದು ಎಷ್ಟು ಗಟ್ಟಿ?

ಒಂದು ಅನುಕೂಲವನ್ನು ಮೊದಲೇ ಒಪ್ಪಬೇಕು. ಸಕ್ಕರೆ ಕಾರ್ಖಾನೆ ಬಾಡಗಂಡಿಯಲ್ಲಿದೆ, ಮುಧೋಳದಲ್ಲಿದೆ, ಉತ್ತೂರು, ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿಗಳಲ್ಲೂ ಇದೆ. ನೌಕರಿ ಬದಲಿಸಿದರೂ ಸಂಸಾರ ಎತ್ತಬೇಕಿಲ್ಲ, ಬೈಕಿನ ದಾರಿ ಬದಲಾದರೆ ಆಯಿತು. ಆಲಮಟ್ಟಿ ಹಿನ್ನೀರಿಗೆ ಮನೆ-ಹೊಲ ಬಿಟ್ಟು ಒಮ್ಮೆ ಎದ್ದುಬಂದ ಕುಟುಂಬಗಳಿರುವ ಬೀಳಗಿ ತಾಲ್ಲೂಕಿನಲ್ಲಿ ಇದು ಸಣ್ಣ ಮಾತಲ್ಲ.

ಕೈಯಲ್ಲಿ ಕಾಗದ ಇದ್ದವನಿಗೆ ಜಿಗಿತ ಒಗ್ಗುತ್ತದೆ. ಬಾಯ್ಲರ್ ಅಟೆಂಡೆಂಟ್ ಎರಡನೇ ದರ್ಜೆಯಿಂದ ಮೊದಲನೇ ದರ್ಜೆಯ ಪರೀಕ್ಷೆ ಪಾಸಾದರೆ ಆ ಸರ್ಟಿಫಿಕೇಟ್ ಯಾವ ಗೇಟಿನಲ್ಲೂ ನಡೆಯುತ್ತದೆ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲೋ ಕಾನ್ಪುರದ ಸಕ್ಕರೆ ಸಂಸ್ಥೆಯಲ್ಲೋ ಕಲಿತ ಕೆಮಿಸ್ಟ್‌ಗೂ ಹಾಗೆಯೇ. ರಸದ ಬ್ರಿಕ್ಸ್, ಪೋಲ್ ನೋಡುವ ಕೆಲಸ ಎಲ್ಲ ಕಡೆ ಒಂದೇ. ಚೀಫ್ ಕೆಮಿಸ್ಟ್ ಕುರ್ಚಿ ಕಾರ್ಖಾನೆಗೆ ಒಂದೇ ಒಂದು. ಅದರಲ್ಲಿ ಕೂತವರಿಗೆ ಇನ್ನೂ ನಲವತ್ತೈದು ವಯಸ್ಸಾಗಿದ್ದರೆ ಕೆಳಗಿನವನು ನಿಷ್ಠೆಯಿಂದ ಕಾಯುವುದು ದಡ್ಡತನ. ಡಿಸ್ಟಿಲರಿ ಇಲ್ಲದ ಕಡೆಯಿಂದ ಇರುವ ಕಡೆಗೆ ಹೋದರೆ ಎಥೆನಾಲ್ ಕೆಲಸವನ್ನಾದರೂ ಕಲಿತಾನು.

ಫೀಲ್ಡ್‌ಮನ್‌ನ ಲೆಕ್ಕ ಬೇರೆ. ಯಾರದು ನಾಟಿ, ಯಾರದು ಕುಳೆ, ಯಾವ ಹೊಲಕ್ಕೆ ಟ್ರ್ಯಾಕ್ಟರ್ ದಾರಿಯಿಲ್ಲ, ಯಾವ ಅಣ್ಣ-ತಮ್ಮಂದಿರು ಒಂದೇ ದಿನ ಕಟಾವಿಗೆ ಒಪ್ಪುವುದಿಲ್ಲ ಎಂಬುದೇ ಅವನ ವಿದ್ಯೆ. ಬಿಲ್ ತಡವಾದರೆ ಬೈಗುಳ ತಿನ್ನುವವನೂ ಅವನೇ. ಪಕ್ಕದ ಕಾರ್ಖಾನೆ ಅವನನ್ನು ಖುಷಿಯಿಂದ ಕರೆಯುತ್ತದೆ, ಏಕೆಂದರೆ ಅವನ ಬೆನ್ನಿಗೆ ಕಬ್ಬು ಬರುತ್ತದೆ. ಒಂದೆರಡು ಹಂಗಾಮಿನಲ್ಲಿ ಆ ರೈತರ ಪರಿಚಯ ಆಡಳಿತಕ್ಕೇ ಆದಮೇಲೆ ಅವನ ಬೆಲೆ ಇಳಿಯುತ್ತದೆ. ಇತ್ತ ಹಳೆಯ ಊರುಗಳಲ್ಲಿ “ಇವತ್ತು ಈ ಫ್ಯಾಕ್ಟರಿ, ನಾಳೆ ಆ ಫ್ಯಾಕ್ಟರಿ ಅಂತಾನ” ಎಂಬ ಹೆಸರು ಉಳಿಯುತ್ತದೆ. ಇವನು ಇದ್ದಲ್ಲೇ ಬಡ್ತಿ ಕೇಳುವುದು ಲೇಸು. ಆದರೆ ಮೇಲೇರುವ ಮೆಟ್ಟಿಲು ಅತಿ ಕಡಿಮೆ ಇರುವುದೂ ಇವನಿಗೇ.

ಜಿಗಿತದ ಹುಮ್ಮಸ್ಸಿನಲ್ಲಿ ಗ್ರ್ಯಾಚುಯಿಟಿ ಮರೆತುಹೋಗುತ್ತದೆ. 1972ರ ಕಾಯ್ದೆ ವರ್ಷವಿಡೀ ದುಡಿಯುವ ನೌಕರನಿಗೆ ವರ್ಷಕ್ಕೆ 15 ದಿನದ ಪಗಾರ ಹಿಡಿದರೆ, ಹಂಗಾಮಿನಲ್ಲಷ್ಟೇ ದುಡಿಯುವವನಿಗೆ ಹಂಗಾಮಿಗೆ 7 ದಿನದ್ದನ್ನಷ್ಟೇ ಹಿಡಿದಿತ್ತು. ಅದೂ ಐದು ವರ್ಷ ಒಂದೇ ಕಡೆ ದುಡಿದರೆ. ಪಿಎಫ್ ಹೊಸ ಗೇಟಿಗೆ ಬೆನ್ನಹತ್ತಿ ಬರುತ್ತದೆ, ಗ್ರ್ಯಾಚುಯಿಟಿ ಬರುವುದಿಲ್ಲ. ಮೂರು ಹಂಗಾಮಿಗೊಮ್ಮೆ ಗೇಟು ಬದಲಿಸುವವನು ಹೆಚ್ಚಿದ ಪಗಾರದಿಂದ ಇದನ್ನು ಕಳೆದು ನೋಡಬೇಕು.

ಇನ್ನು, ಬೇರೆಡೆಯ ಆಫರ್ ಲೆಟರ್ ತಂದು ಸಾಹೇಬರ ಮೇಜಿನ ಮೇಲಿಡುವ ಚಾಳಿ. ಇದರ ತಪ್ಪನ್ನು ನಾನು ಇಟ್ಟವನ ಮೇಲೆ ಹಾಕಲಾರೆ. ಹತ್ತು ಹಂಗಾಮು ರಾತ್ರಿ ಶಿಫ್ಟ್ ಮಾಡಿದವನು ಬಾಯಿಬಿಟ್ಟು ಕೇಳಿದಾಗ ಸಿಗದ ಹುದ್ದೆ, ಅದೇ ಕೆಲಸಕ್ಕೆ ಹೊರಗಿನಿಂದ ಬಂದವನಿಗೆ ಮೊದಲ ದಿನವೇ ಸಿಕ್ಕರೆ, ಉಳಿದವರು ಕಲಿಯುವುದು ಈ ಚಾಳಿಯನ್ನೇ.