ಅಪ್ಪಣೆಯನ್ನು ಮರುನುಡಿದರೆ ಸಾಕೇ?

ವಿಮಾನ ಸಂಚಾರ ನಿಯಂತ್ರಣ ಕೇಂದ್ರದ (ಎಟಿಸಿ) ನಿಯಂತ್ರಕರು ಎತ್ತರ, ದಿಕ್ಕು, ರನ್‌ವೇ ಹೇಳುತ್ತಾರೆ. ಪೈಲಟ್ ತನ್ನ ವಿಮಾನದ ಕರೆಹೆಸರು ಸೇರಿಸಿ ಅದನ್ನೇ ಮರಳಿ ಹೇಳಬೇಕು. ತಪ್ಪಿದ್ದರೆ ನಿಯಂತ್ರಕರು ಆ ಕ್ಷಣವೇ ತಿದ್ದಬೇಕು. ಇದಕ್ಕೆ ರೀಡ್‌ಬ್ಯಾಕ್ ಎನ್ನುತ್ತಾರೆ. 1977ರ ಮಾರ್ಚ್ 27ರಂದು ಟೆನೆರಿಫ್‌ನ ರನ್‌ವೇ ಮೇಲೆ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಇಬ್ಬರು ಒಟ್ಟಿಗೇ ಮೈಕಿನ ಗುಂಡಿ ಒತ್ತಿದ್ದರಿಂದ ಒಂದು ವಿಮಾನದ ಕಾಕ್‌ಪಿಟ್‌ನಲ್ಲಿ ಮುಖ್ಯವಾದ ಮಾತು ಕೀರಲು ಸದ್ದಿನಲ್ಲಿ ಮುಚ್ಚಿಹೋಗಿತ್ತು. ಆಮೇಲೆ ಈ ಶಿಸ್ತು ಇನ್ನಷ್ಟು ಬಿಗಿಯಾಯಿತು. ಬೇರೆ ಯಾವ ಸಾರ್ವಜನಿಕ ಕೆಲಸದಲ್ಲೂ ಮಾತಿನ ಬಗ್ಗೆ ಇಷ್ಟು ಎಚ್ಚರ ವಹಿಸಿದ್ದನ್ನು ನಾನು ಕಂಡಿಲ್ಲ. ಆದರೂ ನಮ್ಮ ದೇಶದ ದುರಂತಗಳ ತನಿಖೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಇದರ ಕೊರತೆ ಎದ್ದು ಕಾಣುತ್ತದೆ: ರೀಡ್‌ಬ್ಯಾಕ್ ಹಿಡಿಯುವುದು ಆಡಿದ ಮಾತಿನ ತಪ್ಪನ್ನು ಮಾತ್ರ. ಆಡದೆ ಉಳಿದದ್ದು ಅದರ ಕೈಗೆ ಸಿಗುವುದಿಲ್ಲ.

ಅಹಮದಾಬಾದನ್ನೇ ನೋಡೋಣ. 1988ರ ಅಕ್ಟೋಬರ್ 19ರ ಬೆಳಗ್ಗೆ ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಬೋಯಿಂಗ್ 737 ರನ್‌ವೇ ತಲುಪುವ ಮೊದಲೇ ಚಿಲೋಡಾ ಕೋಟರಪುರದ ಬಳಿ ನೆಲಕ್ಕಪ್ಪಳಿಸಿತು. ಒಳಗಿದ್ದ 135 ಜನರಲ್ಲಿ 133 ಮಂದಿ ಉಳಿಯಲಿಲ್ಲ. ಮಬ್ಬು ಕವಿದು ದೃಷ್ಟಿಗೋಚರತೆ ಕುಗ್ಗುತ್ತಿದ್ದುದು ಪೈಲಟ್‌ಗಳಿಗೆ ತಿಳಿದಿತ್ತು. ಇಬ್ಬರೂ ರನ್‌ವೇ ಹುಡುಕುವುದರಲ್ಲೇ ಮುಳುಗಿದ್ದರು. ಎಷ್ಟು ಎತ್ತರದಲ್ಲಿದ್ದೇವೆ ಎಂದು ಒಬ್ಬರಿಗೊಬ್ಬರು ಕೂಗಿ ಹೇಳಬೇಕಾದ ಕರೆಗಳು ಬರಲೇ ಇಲ್ಲ. ರನ್‌ವೇ ಕಡೆಗೆ ತಿರುಗಿದ ವರದಿಯ ನಂತರ ಟವರ್‌ಗೂ ಆ ವಿಮಾನದಿಂದ ಮಾತಿಲ್ಲ. ಮುಂದೆ ಪರಿಹಾರದ ದಾವೆಯಲ್ಲಿ ನ್ಯಾಯಾಲಯ ವಿಮಾನ ಸಂಸ್ಥೆಯ ಜೊತೆಗೆ ನಿಲ್ದಾಣ ಪ್ರಾಧಿಕಾರವನ್ನೂ ಹೊಣೆ ಮಾಡಿತು. ನನ್ನ ದೃಷ್ಟಿಯಲ್ಲಿ ಅದು ನ್ಯಾಯವೇ. 2025ರ ಜೂನ್ 12ರಂದು ಅದೇ ನಿಲ್ದಾಣದಿಂದ ಏರಿದ ಏರ್ ಇಂಡಿಯಾ 171ರಿಂದ ‘ಮೇಡೇ’ ಕೇಳಿಬಂದಾಗ ನಿಯಂತ್ರಕರು ಕರೆಹೆಸರು ಕೇಳಿದರು, ಉತ್ತರ ಬರಲಿಲ್ಲ. ಅವರಿಗೆ ಸಿಕ್ಕಿದ್ದು ಕೆಲವೇ ಸೆಕೆಂಡು. 1988ರಲ್ಲಿ ನಿಮಿಷಗಳಿದ್ದವು.

1996ರ ನವೆಂಬರ್ 12ರಂದು ಚರಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿ ಹೊಡೆದು 349 ಜನ ಸತ್ತ ಪ್ರಕರಣವನ್ನು ಎಲ್ಲರೂ ಇಂಗ್ಲಿಷ್ ಬಾರದವರ ಕಥೆಯೆಂದು ಹೇಳುತ್ತಾರೆ. ಅದು ಪೂರ್ಣ ನಿಜವಲ್ಲ. 15,000 ಅಡಿ ತಲುಪಿದ್ದೇವೆ ಎಂಬ ವರದಿ ಕಜಕ್ ವಿಮಾನದಿಂದ ಬಂದಿತ್ತು. ವಿಮಾನ ಮಾತ್ರ ಅಲ್ಲಿ ನಿಲ್ಲದೆ ಕೆಳಗಿಳಿಯಿತು.

ಮಂಗಳೂರಿನ ಬಜ್ಪೆಯ ಪ್ರಕರಣ ಇನ್ನೂ ಸಂಕಟದ್ದು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇಳಿಯಬೇಕಾದ ಹಾದಿಗಿಂತ ತೀರ ಮೇಲಿತ್ತು. ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿದ್ದರಿಂದ ಅದು ಎಲ್ಲಿದೆ ಎಂಬುದಕ್ಕೆ ನಿಯಂತ್ರಕರು ಪೈಲಟ್‌ಗಳ ಮಾತನ್ನೇ ನಂಬಬೇಕಿತ್ತು. ದಾರಿಯ ಬಹುಪಾಲು ನಿದ್ದೆ ಹೋಗಿದ್ದ ಕ್ಯಾಪ್ಟನ್‌ಗೆ ಸಹ ಪೈಲಟ್ ಮತ್ತೆ ಮತ್ತೆ ‘ಗೋ ಅರೌಂಡ್’ (ಇಳಿಯದೆ ಮತ್ತೆ ಮೇಲೇರಿ) ಎಂದರು. ಸರಿಯಾದ ಹಾದಿ ಹಿಡಿದಿದ್ದೀರಾ ಎಂದು ಟವರ್ ಕೇಳಿದಾಗಲೋ, ಕ್ಯಾಪ್ಟನ್ ಒತ್ತಾಯಿಸಿ ಅದೇ ಸಹ ಪೈಲಟ್‌ನ ಬಾಯಲ್ಲಿ ‘ಅಫರ್ಮೇಟಿವ್’ ಎಂದು ಹೇಳಿಸಿದರು. ಕೂಡಲೇ ಇಳಿಯಲು ಅನುಮತಿ ಸಿಕ್ಕಿತು. ವಿಮಾನ ಅಪಘಾತಕ್ಕೀಡಾಗಿ 158 ಜನ ಸತ್ತರು. ಟವರ್‌ಗೆ ಕೇಳಿಸಿದ ಸಂಭಾಷಣೆಯಲ್ಲಿ ತಿದ್ದಬೇಕಾದದ್ದು ಏನೂ ಇರಲಿಲ್ಲ. ತಪ್ಪೆಂದು ಗೊತ್ತಿದ್ದವರು ಪಕ್ಕದ ಸೀಟಿನ ಹಿರಿತನಕ್ಕೆ ತಲೆಬಾಗಿದ್ದರು. ಸಹ ಪೈಲಟ್‌ನ ‘ಗೋ ಅರೌಂಡ್’ ಸಲಹೆಯಾಗಿ ಉಳಿಯಬಾರದು, ಕ್ಯಾಪ್ಟನ್ ಮೀರಲಾಗದ ಆದೇಶವಾಗಬೇಕು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಬೆಂಗಳೂರಿನಲ್ಲಿ ಯಾರೂ ಸಾಯಲಿಲ್ಲ, ಹಾಗಾಗಿ ಅದು ಬೇಗ ಮರೆತುಹೋಯಿತು. 2022ರ ಜನವರಿ 7ರ ಬೆಳಗ್ಗೆ ದೇವನಹಳ್ಳಿಯ ಉತ್ತರ ರನ್‌ವೇಯಿಂದ ವಿಮಾನಗಳು ಏರುತ್ತಿದ್ದವು, ದಕ್ಷಿಣದಲ್ಲಿ ಇಳಿಯುತ್ತಿದ್ದವು. ಪಾಳಿಯ ಮುಖ್ಯಸ್ಥರು ದಕ್ಷಿಣ ರನ್‌ವೇ ಮುಚ್ಚಿ ಎರಡೂ ಕೆಲಸವನ್ನು ಉತ್ತರದಲ್ಲೇ ನಡೆಸಲು ತೀರ್ಮಾನಿಸಿದರು. ದಕ್ಷಿಣ ಟವರ್‌ನ ನಿಯಂತ್ರಕರಿಗೆ ಅದನ್ನು ಯಾರೂ ತಿಳಿಸಲಿಲ್ಲ. ಅವರು ಕೋಲ್ಕತ್ತಾ ಕಡೆಯ ಇಂಡಿಗೋ ವಿಮಾನಕ್ಕೆ, ಉತ್ತರದವರು ಭುವನೇಶ್ವರದ ಕಡೆಯದಕ್ಕೆ ಏರಲು ಅಪ್ಪಣೆ ಕೊಟ್ಟರು. ಒಟ್ಟು 426 ಜನರಿದ್ದ ಎರಡು ವಿಮಾನಗಳು ಬಹುತೇಕ ಒಟ್ಟಿಗೆ ಮೇಲೆದ್ದು ಒಂದರ ಕಡೆಗೊಂದು ಸಾಗಿದವು. ರಾಡಾರ್ ಮುಂದೆ ಕೂತಿದ್ದ ನಿಯಂತ್ರಕರೊಬ್ಬರು ಗಮನಿಸಿ ದಿಕ್ಕು ಬದಲಿಸಲು ಹೇಳಿದ್ದರಿಂದ ಅನಾಹುತ ತಪ್ಪಿತು. ಎರಡೂ ಟವರ್‌ಗಳ ಅಪ್ಪಣೆಯನ್ನು ಪೈಲಟ್‌ಗಳು ಪಾಲಿಸಿದ್ದರಷ್ಟೆ, ಅವರ ಕಡೆ ತಪ್ಪಿರಲಿಲ್ಲ. ಮಾತು ನಿಂತಿದ್ದು ಒಂದೇ ಎಟಿಸಿಯೊಳಗೆ, ಸಹೋದ್ಯೋಗಿಗಳ ನಡುವೆ.

ಪೈಲಟ್ ಒಂದಂಕಿ ತಪ್ಪಿ ಹೇಳಿದರೂ ಬಿಡದ ವ್ಯವಸ್ಥೆ, ಒಂದು ಇಡೀ ರನ್‌ವೇ ಮುಚ್ಚುವ ತೀರ್ಮಾನವನ್ನು ಬಾಯಿಮಾತಿಗೆ ಬಿಟ್ಟಿತ್ತು. ನಡೆದ ಘಟನೆಯನ್ನೂ ಲಾಗ್‌ಬುಕ್‌ನಲ್ಲಿ ಬರೆದಿರಲಿಲ್ಲ ಎಂಬುದು ಇನ್ನೂ ಕಳವಳ ಹುಟ್ಟಿಸುತ್ತದೆ. ರನ್‌ವೇ ಬದಲಾಗುವ ತೀರ್ಮಾನ ಧ್ವನಿಮುದ್ರಣವಾಗುವ ಲೈನಿನಲ್ಲೇ ಹೋಗಬೇಕು. ಪ್ರತಿ ಟವರ್‌ನಲ್ಲಿ ಕೂತವರೂ ಅದನ್ನು ಮರಳಿ ಹೇಳಬೇಕು. ಕೊನೆಯವರ ಉತ್ತರ ಬರುವ ತನಕ ಯಾವ ವಿಮಾನಕ್ಕೂ ಏರಲು ಅಪ್ಪಣೆ ಕೊಡಬಾರದು.