ಒಂದೇ ಗಾಡಿ, ಬೇರೆ ಫೈಲು

ಒಂದು ಮಾಲೂರಿನ ಗಾಡಿ, ಇನ್ನೊಂದು ಶ್ರೀನಿವಾಸಪುರದ್ದು. ಎರಡೂ ಒಂದೇ ಕಂಪನಿ, ಒಂದೇ ಡೀಸೆಲ್ ಎಂಜಿನ್, ಬಣ್ಣ ಕೂಡ ಒಂದೇ. ಮಾಲೂರಿನದಕ್ಕೆ ಹೋದ ವರ್ಷ ರೀಮ್ಯಾಪ್ ಆಗಿತ್ತು, ಅಂದರೆ ಎಂಜಿನ್ ಕಂಪ್ಯೂಟರಿನ ಫೈಲನ್ನು ತಿದ್ದಿ ಬರೆದಾಗಿತ್ತು. ಮೂರನೇ ಗೇರಿನಲ್ಲಿ ಅದು ಎಳೆಯುವ ರೀತಿ ನೋಡಿ ಶ್ರೀನಿವಾಸಪುರದ ಗೆಳೆಯನಿಗೂ ಆಸೆ ಹುಟ್ಟಿತು. ಅದರ ಫೈಲನ್ನೇ ಇದಕ್ಕೂ ಬರೆದರಾಯಿತು ಅಂದುಕೊಂಡೆವು. ಬರೆದೆವು. ಸ್ಟಾರ್ಟರ್ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಸ್ಕ್ಯಾನರ್ ಹಾಕಿದರೆ ಆ ಕಂಪ್ಯೂಟರು, ಅಂದರೆ ಇಸಿಯು, ಉತ್ತರವನ್ನೇ ಕೊಡಲಿಲ್ಲ.

ಇಸಿಯು ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟೆವು. ಬಾಷ್ ಡಬ್ಬಿಯ ಸ್ಟಿಕ್ಕರ್ ಮೇಲೆ ಹತ್ತು ಅಂಕಿಯ ಸಂಖ್ಯೆ ಇರುತ್ತದೆ. ಡೀಸೆಲ್ಲಿನದು 0281ರಿಂದ, ಪೆಟ್ರೋಲಿನದು 0261ರಿಂದ ಶುರು. ಎರಡು ಗಾಡಿಗಳದ್ದೂ ಕೊನೆಯ ಅಂಕಿಯವರೆಗೆ ಒಂದೇ. ಆದರೆ ಅದು ಡಬ್ಬಿಯ ಸಂಖ್ಯೆ. ಒಳಗಿನ ಸಾಫ್ಟ್‌ವೇರಿಗೆ ತನ್ನದೇ ಸಂಖ್ಯೆ ಉಂಟು, ಅದು ಹೊಂದಲಿಲ್ಲ. ಶ್ರೀನಿವಾಸಪುರದ ಗಾಡಿಗೆ ಯಾವುದೋ ಸರ್ವೀಸಿನಲ್ಲಿ ಹೊಸ ಆವೃತ್ತಿ ಬಿದ್ದಿತ್ತು.

ನಾವು ಬರೆದದ್ದು ಮ್ಯಾಪುಗಳಿರುವ ಭಾಗವನ್ನು ಮಾತ್ರ. ಪ್ರೋಗ್ರಾಂ ಶ್ರೀನಿವಾಸಪುರದ ಗಾಡಿಯದೇ ಉಳಿದಿತ್ತು. ಇಂಧನ ಎಷ್ಟು, ಟರ್ಬೊ ಒತ್ತಡ (ಬೂಸ್ಟ್) ಎಷ್ಟು ಎಂಬ ಕೋಷ್ಟಕಗಳನ್ನು ಅದು ಗೊತ್ತುಪಡಿಸಿದ ವಿಳಾಸದಲ್ಲೇ ಹುಡುಕುತ್ತದೆ. ಆವೃತ್ತಿ ಬದಲಾದರೆ ವಿಳಾಸವೂ ಸರಿಯುತ್ತದೆ. ಕೋಲಾರದ ಮಂಡಿಯಲ್ಲಿ ರಾತ್ರೋರಾತ್ರಿ ಮಳಿಗೆಗಳ ನಂಬರು ಬದಲಾಯಿಸಿದರೆ ಟೊಮೆಟೊ ಕ್ರೇಟು ಯಾರ ಮುಂದೆ ಇಳಿದೀತು! ಚೆಕ್‌ಸಮ್ ಸರಿಯಿದ್ದರೂ ಉಪಯೋಗವಿಲ್ಲ. ಫೈಲಿನ ಬೈಟುಗಳು ಕೆಟ್ಟಿಲ್ಲ ಎಂದಷ್ಟೇ ಅದು ಹೇಳುತ್ತದೆ, ಈ ಗಾಡಿಗೆ ಸೇರಿದ್ದು ಎಂದಲ್ಲ.

ನಮ್ಮನ್ನು ಉಳಿಸಿದ್ದು ಶ್ರೀನಿವಾಸಪುರದ ಗಾಡಿಯಿಂದ ಮೊದಲೇ ಓದಿಟ್ಟುಕೊಂಡಿದ್ದ ಮೂಲ ಫೈಲು. ಕೆಲವು ಉಪಕರಣಗಳು ಗಾಡಿಯಿಂದ ಓದುವುದೇ ಇಲ್ಲ. ಸಾಫ್ಟ್‌ವೇರ್ ಸಂಖ್ಯೆ ನೋಡಿ ಸರ್ವರಿನಿಂದ ಒಂದು ಪ್ರತಿ ಇಳಿಸಿಕೊಡುತ್ತವೆ. ಅದನ್ನು ನಾನು ಮೂಲ ಫೈಲೆಂದು ಒಪ್ಪುವುದಿಲ್ಲ.

ಹಳೆಯ ಡಬ್ಬಿ ತಂದು ಕೂರಿಸುವವರ ಪಾಡು ಬೇರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅದೇ ಸಂಖ್ಯೆಯದು ಸಿಕ್ಕರೂ ಇಮೊಬಿಲೈಸರ್ ಹಳೆಯ ಗಾಡಿಯ ಕೀಲಿಯನ್ನೇ ಕೇಳುತ್ತದೆ. ಇಂಜೆಕ್ಟರುಗಳ ತಲೆಯ ಮೇಲೆ ಕೆತ್ತಿರುವ ಕೋಡುಗಳನ್ನೂ ಒಂದೊಂದಾಗಿ ತುಂಬಬೇಕು. ಅದನ್ನು ಬಿಟ್ಟರೆ ಐಡ್ಲಿಂಗ್ ಒರಟಾಗುತ್ತದೆ, ಹೊಗೆ ಬರುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ಲಿಗೆ ಬಿಎಸ್4 ಫೈಲಂತೂ ದೂರದ ಮಾತು: ಮಸಿ ಹಿಡಿಯುವ ಫಿಲ್ಟರು ಎಷ್ಟು ತುಂಬಿದೆ, ಯಾವಾಗ ಸುಡಬೇಕು ಎಂಬ ಲೆಕ್ಕವೇ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಬರೆಯುವ ಆ ಕೆಲವು ನಿಮಿಷ ಬ್ಯಾಟರಿ ವೋಲ್ಟೇಜು ಕುಸಿಯಬಾರದು. ಚಾರ್ಜರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ನೆಮ್ಮದಿಯಾಗಿ ಕೂರುವ ಹಾಗಿಲ್ಲ, ಕರೆಂಟು ಹೋದೀತು. ನಾನು ತುಂಬಿದ ಎರಡನೇ ಬ್ಯಾಟರಿಯೊಂದನ್ನು ಕೇಬಲ್ ಹಾಕಿ ಜೋಡಿಸಿಯೇ ಕೆಲಸ ಶುರುಮಾಡುತ್ತೇನೆ.

ಇನ್ನೊಂದು ಸಂಗತಿ, ಎತ್ತರ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಶೇ. 9ರಷ್ಟು ಕಡಿಮೆ. ಅಲ್ಲಿ ಅಂಚಿಗೆ ತಂದು ನಿಲ್ಲಿಸಿದ ಬೂಸ್ಟನ್ನು ಇಲ್ಲಿ ಮುಟ್ಟಲು ಟರ್ಬೊ ಇನ್ನೂ ವೇಗವಾಗಿ ತಿರುಗಬೇಕು, ಬೇಗ ಸವೆಯುತ್ತದೆ.

ಆ ಸೋಲಿನ ಮುಂದಿನ ಭಾನುವಾರ ಶ್ರೀನಿವಾಸಪುರದ ಗಾಡಿಯ ಸ್ವಂತ ಫೈಲನ್ನೇ ತಿದ್ದಿ, ಬೂಸ್ಟನ್ನು ಹಿತವಾಗಿ ಏರಿಸಿ ಬರೆದೆವು. ಮೊದಲ ಸಲಕ್ಕೇ ಎಂಜಿನ್ ಹಿಡಿಯಿತು. ಮುಳಬಾಗಿಲು ದಾಟಿ ನಂಗಲಿವರೆಗೆ ಓಡಿಸಿದೆವು. ವಾಪಸು ಬರುವಾಗ ನಾಲ್ಕನೇ ಗೇರಿನಲ್ಲೇ ಏರು ಹತ್ತಿತು, ಹಿಂದಿನ ಗಾಜಿನಲ್ಲಿ ಹೊಗೆ ಕಾಣಲಿಲ್ಲ.